ಬೀದರಿನ ಒರತೆ, ಸಿಖ್ಖರ ನೆನಪು

ಪುಣೆ-ಬೆಂಗಳೂರು ಹೆದ್ದಾರಿಯ ಬದಿಯಲ್ಲಿರುವ ಭರಮಸಾಗರದ ಜನರಿಗೆ ಪಂಜಾಬಿನ ಲಾರಿಗಳು ಹೊಸವಲ್ಲ. ತಲೆಗೆ ಪೇಟ ಸುತ್ತಿದ ಚಾಲಕರು, ಲಾರಿಯ ಮುಂಗಾಜಿನ ಮೇಲೆ ಗುರುನಾನಕರ ಚಿತ್ರ, ರಸ್ತೆ ಬದಿಯ ಢಾಬಾ: ಚಿತ್ರದುರ್ಗದ ಸುತ್ತಿನ ಬಹುಮಂದಿಗೆ ಸಿಖ್ಖರ ಪರಿಚಯ ಇಷ್ಟಕ್ಕೇ ನಿಲ್ಲುತ್ತದೆ. ಸಿಖ್ ಧರ್ಮವೆಂದರೆ ದೂರದ ಉತ್ತರದ ಸಂಗತಿ, ಅಮೃತಸರದ ಸಂಗತಿ ಎಂಬ ಭಾವನೆಯೂ ಸಾಮಾನ್ಯ.

ಆದರೆ ಚಿತ್ರದುರ್ಗದಿಂದ ಉತ್ತರಕ್ಕೆ ಹೊರಡುವ ರಾಷ್ಟ್ರೀಯ ಹೆದ್ದಾರಿ 50 ಬೇರೊಂದು ಕಥೆ ಹೇಳುತ್ತದೆ. ಹೊಸಪೇಟೆ, ವಿಜಯಪುರ, ಕಲಬುರಗಿ, ಹುಮನಾಬಾದುಗಳನ್ನು ಹಾದು ಹೋಗುವ ಈ ರಸ್ತೆ ಬೀದರನ್ನು ಮುಟ್ಟಿ, ಅಲ್ಲಿಂದ ಗಡಿ ದಾಟಿ, ಮಹಾರಾಷ್ಟ್ರದ ನಾಂದೇಡಿನಲ್ಲಿ ಕೊನೆಗೊಳ್ಳುತ್ತದೆ. ಸಿಖ್ಖರ ಐದು ಧರ್ಮಪೀಠಗಳಲ್ಲಿ ಒಂದು ನಾಂದೇಡಿನಲ್ಲಿದೆ. ಸಿಖ್ ಧರ್ಮದ ಮೊದಲ ಗುರು ಬಂದು ಹೋದರೆಂದು ನಂಬಲಾದ ನೀರಿನ ಒರತೆ ಬೀದರಿನಲ್ಲಿದೆ. ಅದೇ ಗುರುದ್ವಾರ ನಾನಕ ಝೀರಾ ಸಾಹೇಬ್. ದೇಶದ ನಾನಾ ಕಡೆಯ ಸಿಖ್ ಯಾತ್ರಿಕರು ಕನ್ನಡ ನಾಡಿನ ಈ ಮೂಲೆಗೆ ಏಕೆ ಬರುತ್ತಾರೆ, ಬಂದು ಏನನ್ನು ಪಡೆಯುತ್ತಾರೆ ಎಂಬುದನ್ನು ಅರಿಯಲು ಮೊದಲು ಗುರುದ್ವಾರವೆಂದರೇನು ಎಂದು ತಿಳಿಯಬೇಕು.

ತೀರ್ಥವನ್ನು ಪ್ರಶ್ನಿಸಿದ ಗುರು

ಗುರುದ್ವಾರವೆಂದರೆ ಗುರುವಿನ ಬಾಗಿಲು. ಅಲ್ಲಿ ಮೂರ್ತಿಯಿಲ್ಲ. ಗುರು ಗ್ರಂಥ ಸಾಹೇಬ್ ಎಂಬ ಪವಿತ್ರ ಗ್ರಂಥವೇ ಅಲ್ಲಿ ಗುರುಸ್ಥಾನದಲ್ಲಿರುತ್ತದೆ. ಮೇಲ್ಕಟ್ಟಿನ ಕೆಳಗೆ, ಪೀಠದ ಮೇಲೆ ರೇಷ್ಮೆ ವಸ್ತ್ರ ಹಾಸಿ ಬೆಳಗಿನ ಜಾವ ಗ್ರಂಥವನ್ನು ತೆರೆಯುತ್ತಾರೆ. ರಾತ್ರಿ ಗೌರವದಿಂದ ಮುಚ್ಚಿ ವಿಶ್ರಾಂತಿಯ ಕೋಣೆಗೆ ಕೊಂಡೊಯ್ಯುತ್ತಾರೆ. 1604ರಲ್ಲಿ ಐದನೆಯ ಗುರು ಅರ್ಜುನ ದೇವರು ಮೊದಲು ಸಂಕಲಿಸಿದ ಈ ಗ್ರಂಥದಲ್ಲಿ ಸಿಖ್ ಗುರುಗಳ ವಾಣಿಯ ಜೊತೆಗೆ ನೇಕಾರ ಕಬೀರ, ಚಮ್ಮಾರ ರವಿದಾಸ, ಸೂಫಿ ಶೇಖ್ ಫರೀದರ ರಚನೆಗಳಿವೆ. ಪಂಢರಪುರದ ವಿಠ್ಠಲನ ಭಕ್ತ, ಸಿಂಪಿಗರ ನಾಮದೇವರ ಪದಗಳೂ ಇವೆ. ಹೀಗೆ ದಖ್ಖನ್ನಿನ ದನಿಯೊಂದು ಆ ಗ್ರಂಥದೊಳಗೇ ಸೇರಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನದಿಯಲ್ಲಿ ಮಿಂದ ಮಾತ್ರಕ್ಕೆ ಮನಸ್ಸು ಶುದ್ಧವಾಗದು ಎಂದು ಸಾರಿದವರು ಗುರುನಾನಕರು. ದೇವರ ನಾಮಸ್ಮರಣೆ, ದುಡಿದು ಉಣ್ಣುವುದು, ಹಂಚಿ ಉಣ್ಣುವುದು ಇವೇ ಅವರ ಬೋಧನೆಯ ಸಾರ. ಹಾಗಿರುವಾಗ ಅವರ ಅನುಯಾಯಿಗಳಿಗೆ ತೀರ್ಥಯಾತ್ರೆಯೇಕೆ?

ಉತ್ತರ ಸಿಖ್ಖರ ನಿತ್ಯ ಪ್ರಾರ್ಥನೆಯಾದ ಅರ್ದಾಸದಲ್ಲಿದೆ. ಸಭೆಯವರೆಲ್ಲ ಎದ್ದು ನಿಂತು ಕೈಮುಗಿದು ಹೇಳುವ ಈ ಪ್ರಾರ್ಥನೆಯಲ್ಲಿ ಹತ್ತು ಗುರುಗಳ ಸ್ಮರಣೆ ಬರುತ್ತದೆ. ಅನಂತರ ‘ಪಂಜ್ ಪ್ಯಾರೇ’ ಎಂಬ ಐವರು ಪ್ರಿಯರು, ಹತ್ತನೆಯ ಗುರುವಿನ ನಾಲ್ವರು ಮಕ್ಕಳು, ‘ಚಾಲೀ ಮುಕ್ತೇ’ ಎಂಬ ನಲವತ್ತು ಮಂದಿ ಮುಕ್ತರು ಮತ್ತು ಧರ್ಮಕ್ಕಾಗಿ ಪ್ರಾಣ ತೆತ್ತವರ ಸ್ಮರಣೆ ನಡೆಯುತ್ತದೆ. ದಿನವೂ ಬಾಯಲ್ಲಿ ನೆನೆದವರ ನೆಲವನ್ನು ಕಣ್ಣಾರೆ ಕಾಣುವುದೇ ಸಿಖ್ಖರ ಯಾತ್ರೆ. ಯಾವ ಊರಿನಲ್ಲಾದರೂ ಗುರುದ್ವಾರ ಕಟ್ಟಬಹುದು. ಬೆಂಗಳೂರಿನ ಹಲಸೂರು ಕೆರೆಯ ಬಳಿಯೂ ಒಂದಿದೆ. ಆದರೆ ಗುರುವಿನ ಪಾದ ಸೋಕಿದ, ಧರ್ಮವೀರರು ಬಾಳಿದ ಅಥವಾ ಮಡಿದ ಜಾಗದಲ್ಲಿ ನಿಂತ ಗುರುದ್ವಾರವೇ ಬೇರೆ. ಅದನ್ನು ‘ಐತಿಹಾಸಿಕ ಗುರುದ್ವಾರ’ ಎಂದೇ ಪ್ರತ್ಯೇಕವಾಗಿ ಕರೆಯುವ ವಾಡಿಕೆಯಿದೆ. ಬೀದರ್ ಅಂಥ ಊರು. ಅದಕ್ಕೆ ಒಂದಲ್ಲ, ಮೂರು ಕಾರಣಗಳಿವೆ.

ಪಾದುಕೆ ಸರಿಸಿದ ಕಲ್ಲು

ಮೊದಲನೆಯ ಕಾರಣ ಗುರುನಾನಕರ ಆಗಮನ. 1469ರಲ್ಲಿ ಈಗ ಪಾಕಿಸ್ತಾನದಲ್ಲಿರುವ ತಳವಂಡಿಯಲ್ಲಿ ಜನಿಸಿದ ನಾನಕರು ಬಾಳಿನ ಬಹುಕಾಲವನ್ನು ಸಂಚಾರದಲ್ಲಿ ಕಳೆದರು. ಈ ಸಂಚಾರಗಳಿಗೆ ‘ಉದಾಸಿ’ ಎಂದು ಹೆಸರು. ರಬಾಬ್ ವಾದ್ಯ ನುಡಿಸುತ್ತಿದ್ದ ಮುಸ್ಲಿಂ ಗೆಳೆಯ ಮರ್ದಾನ ಅವರ ಸಂಗಾತಿ. ಸುಮಾರು 1510ರಿಂದ 1514ರ ನಡುವೆ ಕೈಗೊಂಡ ದಕ್ಷಿಣದ ಸಂಚಾರದಲ್ಲಿ ನಾನಕರು ನಾಂದೇಡ್, ಗೋಲ್ಕೊಂಡಗಳ ಮಾರ್ಗವಾಗಿ ಬೀದರಿಗೆ ಬಂದರೆಂಬುದು ಪರಂಪರೆಯ ನಂಬಿಕೆ. ಆಗ ಬಹಮನಿ ಅರಸೊತ್ತಿಗೆ ಹೆಸರಿಗಷ್ಟೇ ಉಳಿದಿತ್ತು. ಆಳ್ವಿಕೆ ಬರೀದ್ ಮನೆತನದ ಮಂತ್ರಿಗಳ ಕೈ ಸೇರಿತ್ತು.

ಐತಿಹ್ಯ ಹೀಗಿದೆ. ಊರ ಹೊರಗೆ ಮುಸ್ಲಿಂ ಫಕೀರರ ಗುಡಿಸಲುಗಳಿದ್ದಲ್ಲಿ ನಾನಕರು ತಂಗಿದರು. ಉತ್ತರದಿಂದ ಸಂತನೊಬ್ಬ ಬಂದಿರುವ ಸುದ್ದಿ ಹರಡಿ ಜನ ದರ್ಶನಕ್ಕೆ ಬಂದರು. ಅವರು ತೋಡಿಕೊಂಡದ್ದು ಒಂದೇ ಕಷ್ಟ, ಕುಡಿಯುವ ನೀರಿನದು. ಎಷ್ಟು ಬಾವಿ ತೋಡಿದರೂ ನೀರಿಲ್ಲ; ಎಲ್ಲೋ ಸಿಕ್ಕರೂ ಅದು ಕುಡಿಯಲು ಬಾರದು. ಜನರ ಪಾಡಿಗೆ ಮರುಗಿದ ನಾನಕರು ದೇವರನ್ನು ನೆನೆದು, ತಮ್ಮ ಮರದ ಪಾದುಕೆಯಿಂದ ಒಂದು ಕಲ್ಲನ್ನು ಸರಿಸಿ ಮಣ್ಣು ಕೆದರಿದರು. ಅಲ್ಲಿ ತಣ್ಣನೆಯ ಸಿಹಿನೀರು ಚಿಮ್ಮಿತು. ಆ ಒರತೆಯೇ ‘ಝೀರಾ’. ಕನ್ನಡದ ಝರಿ, ಝರಣಿಗಳಿಗೆ ಹತ್ತಿರದ ಪದವಿದು. ಈಗಿನ ಗುರುದ್ವಾರ 1948ರಲ್ಲಿ ಕಟ್ಟಿದ್ದು. ಮೂರು ಕಡೆ ತಗ್ಗು ಗುಡ್ಡಗಳಿರುವ ಕಣಿವೆಯಲ್ಲಿ ಅದು ನಿಂತಿದೆ. ಒರತೆಯ ನೀರು ಅಮೃತಕುಂಡಕ್ಕೆ ಬಂದು ಸೇರುತ್ತದೆ. ಯಾತ್ರಿಕರು ಅಲ್ಲಿ ಕೈಕಾಲು ತೊಳೆಯುತ್ತಾರೆ, ತೀರ್ಥವೆಂದು ಸೇವಿಸುತ್ತಾರೆ, ಶೀಶೆಯಲ್ಲಿ ತುಂಬಿಸಿ ಊರಿಗೊಯ್ಯುತ್ತಾರೆ.

ಭೂವಿಜ್ಞಾನಕ್ಕೂ ಈ ಒರತೆಯ ಬಗ್ಗೆ ಹೇಳಲು ಮಾತಿದೆ. ಬೀದರ್ ನಗರ ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲಿದೆ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆನೀರನ್ನು ಒಳಕ್ಕೆ ಇಳಿಸಿಕೊಳ್ಳುತ್ತದೆ. ಅದರ ಕೆಳಗಿನ ಜೇಡಿಮಣ್ಣು ಮತ್ತು ಗಟ್ಟಿ ಕರಿಗಲ್ಲು ನೀರನ್ನು ಇನ್ನಷ್ಟು ಕೆಳಕ್ಕೆ ಬಿಡುವುದಿಲ್ಲ. ಹೀಗಾಗಿ ಇಂಗಿದ ನೀರು ಅಡ್ಡಕ್ಕೆ ಹರಿದು ಬಯಲಿನ ಅಂಚಿನಲ್ಲಿ, ಕಣಿವೆಯ ಮಗ್ಗುಲಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವುದು ಕೂಡ ಇದೇ ಜಂಬಿಟ್ಟಿಗೆಯ ಒಡಲಲ್ಲಿ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ತಂತ್ರ ಬಳಸಿ ನೌಬಾದ್ ಬಳಿ ತೋಡಿದ ಕಾರೇಜ್, ಅಂದರೆ ಸುರಂಗ ಬಾವಿ, ಇದೇ ಗುಣವನ್ನು ನೆಚ್ಚಿಕೊಂಡದ್ದು.

ಹಾಗೆಂದು ಈ ವಿವರಣೆ ಯಾತ್ರಿಕರ ಭಕ್ತಿಯನ್ನು ಕುಂದಿಸಬೇಕಿಲ್ಲ. ನೀರು ಎಲ್ಲಿಂದ ಬಂತು ಎಂಬುದು ವಿಜ್ಞಾನದ ಪ್ರಶ್ನೆ; ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಧರ್ಮ ಎಂಬುದು ಕಥೆ ಕಲಿಸುವ ಪಾಠ. ಬರದ ನೆಲದವರಿಗೆ ಈ ಪಾಠ ಬೇಗ ಅರ್ಥವಾಗುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಸಂತರೆಂದು. ಭರಮಸಾಗರದ ಹೆಸರಿನಲ್ಲೇ ಕೆರೆಯಿದೆ. 2021ರಲ್ಲಿ ತುಂಗಭದ್ರೆಯ ನೀರನ್ನು ಏತ ನೀರಾವರಿಯಿಂದ ತಂದು ಆ ಕೆರೆಗೆ ಹರಿಸಿದಾಗ ಜನ ಅದನ್ನು ಹಬ್ಬವಾಗಿ ಆಚರಿಸಿದ್ದೂ ಇದೇ ಭಾವದಿಂದ.

ಬೀದರಿನ ಕ್ಷೌರಿಕ

ಎರಡನೆಯ ಕಾರಣ ಕನ್ನಡಿಗರಿಗೆ ಅಷ್ಟಾಗಿ ತಿಳಿದಿಲ್ಲ. 1699ರ ಬೈಸಾಖಿಯ ದಿನ ಪಂಜಾಬಿನ ಆನಂದಪುರದಲ್ಲಿ ಹತ್ತನೆಯ ಗುರು ಗೋಬಿಂದ ಸಿಂಗರು ದೊಡ್ಡ ಸಭೆ ಕರೆದಿದ್ದರು. ಬಿಚ್ಚುಗತ್ತಿ ಹಿಡಿದು ನಿಂತ ಗುರು, ಧರ್ಮಕ್ಕಾಗಿ ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಒಬ್ಬರ ನಂತರ ಒಬ್ಬರಂತೆ ಐವರು ಎದ್ದು ಬಂದರು. ಲಾಹೋರಿನ ಖತ್ರಿ ದಯಾ ರಾಮ, ಹಸ್ತಿನಾಪುರದ ಜಾಟ ಧರ್ಮ ದಾಸ, ಜಗನ್ನಾಥಪುರಿಯ ನೀರು ಹೊರುವ ಹಿಮ್ಮತ್ ರಾಯ್, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಮೋಹಕಮ್ ಚಂದ್, ಮತ್ತು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಇವರೇ ಪಂಜ್ ಪ್ಯಾರೇ.

ಗುರು ಅವರ ತಲೆ ತೆಗೆಯಲಿಲ್ಲ. ಕಬ್ಬಿಣದ ಪಾತ್ರೆಯಲ್ಲಿ ನೀರು ಹಾಕಿ, ಸಕ್ಕರೆ ಬೆರೆಸಿ, ಇಬ್ಬಾಯಿ ಖಡ್ಗದಿಂದ ಕದಡಿದ ಅಮೃತವನ್ನು ಐವರಿಗೂ ಒಂದೇ ಪಾತ್ರೆಯಿಂದ ಕುಡಿಸಿದರು. ಐವರ ಹೆಸರಿಗೂ ‘ಸಿಂಗ್’ ಸೇರಿತು. ಆ ಬಳಿಕ ನಡೆದದ್ದು ಇನ್ನೂ ದೊಡ್ಡ ಸಂಗತಿ. ಗುರು ಸ್ವತಃ ಅವರ ಮುಂದೆ ಕೈಯೊಡ್ಡಿ, ತನಗೂ ಅಮೃತ ಕೊಡಿರೆಂದು ಬೇಡಿ ಸ್ವೀಕರಿಸಿದರು. ಕ್ಷೌರಿಕನ ಕೈಯಿಂದ, ನೀರು ಹೊರುವವನ ಕೈಯಿಂದ ಗುರುವೇ ದೀಕ್ಷೆ ಪಡೆದ ದಿನ ಅದು. ಖಾಲ್ಸಾ ಪಂಥ ಹುಟ್ಟಿದ್ದು ಹೀಗೆ. ಸಾಹಿಬ್ ಸಿಂಗರು ಕೆಲವೇ ವರ್ಷಗಳಲ್ಲಿ ಚಮಕೌರ್ ಕದನದಲ್ಲಿ ಹೋರಾಡಿ ಮಡಿದರು.

ಅತ್ತ ಆನಂದಪುರದಲ್ಲಿ ಇದು ನಡೆದ ಕಾಲಕ್ಕೆ ಇತ್ತ ಚಿತ್ರದುರ್ಗವನ್ನು ಆಳುತ್ತಿದ್ದವನು ಭರಮಸಾಗರಕ್ಕೆ ಹೆಸರು ಕೊಟ್ಟ ಬಿಚ್ಚುಗತ್ತಿ ಭರಮಣ್ಣ ನಾಯಕ. ಪುಸ್ತಕದಲ್ಲಿ ದೂರ ದೂರದ ಅಧ್ಯಾಯಗಳಾಗಿ ಕಾಣುವ ಎರಡು ಇತಿಹಾಸಗಳು ಒಂದೇ ಕಾಲದವು.

ಇನ್ನೊಂದು ಸಾಮ್ಯವೂ ಗಮನಾರ್ಹ. ಸಾಹಿಬ್ ಸಿಂಗರ ಹುಟ್ಟೂರೆಂದು ಪರಂಪರೆ ಹೇಳುವ ಬೀದರಿನ ಜಿಲ್ಲೆಯಲ್ಲೇ ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬಸವಣ್ಣನವರ ಸುತ್ತ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಸಮಗಾರ ಹರಳಯ್ಯ ಮೊದಲಾದ ಕಾಯಕಜೀವಿಗಳು ಕೂಡಿದ್ದರು. ಒಂದು ಚಳವಳಿ ಇನ್ನೊಂದಕ್ಕೆ ಪ್ರೇರಣೆಯೆಂದು ಹೇಳಲು ಆಧಾರ ಬೇಕಾಗುತ್ತದೆ. ಸಾಮ್ಯ ಕಂಡಲ್ಲೆಲ್ಲ ಸಂಬಂಧ ಕಟ್ಟುವುದು ಸರಿಯಲ್ಲ. ಆದರೆ ದುಡಿಯುವ ಕೈ ಕೀಳಲ್ಲ, ಹುಟ್ಟಿನಿಂದ ಯಾರೂ ಮೇಲಲ್ಲ ಎಂಬ ಮಾತನ್ನು ಎರಡು ಬೇರೆ ಕಾಲಗಳಲ್ಲಿ, ಎರಡು ಬೇರೆ ನುಡಿಗಳಲ್ಲಿ ಕೇಳಿದ ನೆನಪು ಈ ಒಂದು ಜಿಲ್ಲೆಗೆ ಇದೆ.

ಜನವಾಡದ ವೀರ ಮಾತೆ

ಮೂರನೆಯ ಕಾರಣ ಬೀದರಿನಿಂದ ಸುಮಾರು 11 ಕಿ.ಮೀ. ದೂರದ ಜನವಾಡ ಗ್ರಾಮ. ಮೊಗಲ್ ಸೈನ್ಯ ಆನಂದಪುರಕ್ಕೆ ಮುತ್ತಿಗೆ ಹಾಕಿದ್ದಾಗ ನಲವತ್ತು ಮಂದಿ ಸಿಖ್ಖರು ಕಷ್ಟ ತಾಳಲಾರದೆ ಗುರುವನ್ನು ತೊರೆದು ಊರಿಗೆ ಮರಳಿದ್ದರು. ಅವರನ್ನು ಹಂಗಿಸಿ, ಹುರಿದುಂಬಿಸಿ, ಮತ್ತೆ ರಣರಂಗಕ್ಕೆ ನಡೆಸಿದವಳು ಮಾಯಿ ಭಾಗೋ ಎಂಬ ಮಹಿಳೆ. 1705ರಲ್ಲಿ, ಮುಂದೆ ಮುಕ್ತಸರವೆಂದು ಹೆಸರಾದ ಕೊಳದ ಬಳಿ ನಡೆದ ಯುದ್ಧದಲ್ಲಿ ಆ ನಲವತ್ತೂ ಮಂದಿ ಪ್ರಾಣ ಕೊಟ್ಟರು. ಗುರು ಅವರ ತಪ್ಪನ್ನು ಮನ್ನಿಸಿ ‘ಮುಕ್ತರು’ ಎಂದು ಕರೆದರು. ಅರ್ದಾಸದಲ್ಲಿ ನೆನೆಯುವ ಚಾಲೀ ಮುಕ್ತೇ ಇವರೇ.

ಗಾಯಗೊಂಡು ಬದುಕುಳಿದ ಮಾಯಿ ಭಾಗೋ ಗುರುವಿನ ಪರಿವಾರದೊಂದಿಗೆ ದಕ್ಷಿಣಕ್ಕೆ ಬಂದಳು. 1708ರಲ್ಲಿ ಗೋಬಿಂದ ಸಿಂಗರು ನಾಂದೇಡಿನಲ್ಲಿ ಗೋದಾವರಿಯ ತೀರದಲ್ಲಿ ದೇಹ ಬಿಟ್ಟರು. ಅದಕ್ಕೆ ಮುನ್ನ, ತಮ್ಮ ನಂತರ ಮನುಷ್ಯ ಗುರುವಿಲ್ಲ, ಗ್ರಂಥವೇ ಗುರು ಎಂದು ಸಾರಿದರು. ಆ ಬಳಿಕ ಮಾಯಿ ಭಾಗೋ ಜನವಾಡಕ್ಕೆ ಬಂದು ಧ್ಯಾನದಲ್ಲಿ ಉಳಿದ ಬಾಳನ್ನು ಕಳೆದು ಅಲ್ಲೇ ತೀರಿಕೊಂಡಳೆಂದು ಪರಂಪರೆ ಹೇಳುತ್ತದೆ. ಅಲ್ಲಿ ಅವಳ ತಪಸ್ಥಾನವೆಂದು ಕರೆಯುವ ಗುರುದ್ವಾರವಿದೆ. ಕತ್ತಿ ಹಿಡಿದು ಹೋರಾಡಿದ ಪಂಜಾಬಿನ ಮಗಳೊಬ್ಬಳು ನೆಮ್ಮದಿ ಅರಸಿ ಬಂದು ನೆಲೆಸಿದ್ದು ಕನ್ನಡದ ಹಳ್ಳಿಯಲ್ಲಿ.

ನಾಂದೇಡಿನ ಹಜೂರ್ ಸಾಹೇಬ್ ಮಂದಿರವನ್ನು ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ 1832ರಿಂದ 1837ರ ನಡುವೆ ಕಟ್ಟಿಸಿದ. ಅದೇ ಕಾಲದಲ್ಲಿ ಹೈದರಾಬಾದಿನ ನಿಜಾಮನ ಕೋರಿಕೆಯಂತೆ ಪಂಜಾಬಿನಿಂದ ಬಂದ ಸಿಖ್ ಸೈನಿಕರ ಪೀಳಿಗೆಯವರು ದಖ್ಖನ್ನಿನಲ್ಲೇ ನೆಲೆಯೂರಿದರು. ‘ದಖ್ಖನಿ ಸಿಖ್ಖರು’ ಎಂದೇ ಅವರಿಗೆ ಹೆಸರು. ಆಗ ನಾಂದೇಡ್, ಬೀದರ್ ಎರಡೂ ನಿಜಾಮನ ರಾಜ್ಯದಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾಂದೇಡ್ ಮರಾಠಿ ಭಾಗಕ್ಕೂ ಬೀದರ್ ಮೈಸೂರು ರಾಜ್ಯಕ್ಕೂ ಸೇರಿದವು. ನಡುವೆ ಗಡಿ ಬಂದರೂ ಯಾತ್ರೆಯ ದಾರಿ ಕಡಿಯಲಿಲ್ಲ. ಹೋಳಿಯ ವೇಳೆಯ ಹೋಲಾ ಮೊಹಲ್ಲಾಕ್ಕೂ ದಸರೆಗೂ ನಾಂದೇಡಿಗೆ ಬಂದ ಯಾತ್ರಿಕರಲ್ಲಿ ಅನೇಕರು ಬೀದರಿಗೂ ಬಂದು ಹೋಗುತ್ತಾರೆ. ಕಾರ್ತಿಕ ಹುಣ್ಣಿಮೆಯ ಗುರುನಾನಕ ಜಯಂತಿಗೆ ಬೀದರಿನಲ್ಲಿ ದೊಡ್ಡ ಜಾತ್ರೆಯೇ ನೆರೆಯುತ್ತದೆ.

ಒಂದೇ ಪಂಕ್ತಿ

ನಾನಕ ಝೀರಾಕ್ಕೆ ಹೋಗುವವರು ಪಾದರಕ್ಷೆ ಕಳಚಿ, ಕಾಲು ತೊಳೆದು, ತಲೆಗೆ ವಸ್ತ್ರ ಮುಚ್ಚಿಕೊಳ್ಳಬೇಕು. ಗಂಡಸರು, ಹೆಂಗಸರು, ಸಿಖ್ಖರು, ಸಿಖ್ಖರಲ್ಲದವರು ಎಲ್ಲರಿಗೂ ಇದೇ ನಿಯಮ. ಬೀಡಿ, ಸಿಗರೇಟು, ಮದ್ಯ ಒಳಗೆ ನಿಷಿದ್ಧ. ಗ್ರಂಥದ ಮುಂದೆ ತಲೆಬಾಗಿ, ನೆಲದ ಮೇಲೆ ಕುಳಿತು ಕೀರ್ತನೆ ಕೇಳಿ, ಗೋಧಿಹಿಟ್ಟು, ತುಪ್ಪ, ಸಕ್ಕರೆಯ ‘ಕಡಾ ಪ್ರಸಾದ’ವನ್ನು ಎರಡೂ ಕೈಯೊಡ್ಡಿ ಪಡೆಯುತ್ತಾರೆ. ಗುರು ತೇಗ್ ಬಹಾದೂರರ ನೆನಪಿನ ವಸ್ತುಸಂಗ್ರಹಾಲಯದಲ್ಲಿ ಸಿಖ್ ಇತಿಹಾಸದ ಘಟನೆಗಳನ್ನು ಚಿತ್ರಗಳಲ್ಲಿ ಕಾಣಬಹುದು.

ಬಳಿಕ ಲಂಗರ್. ನಾನಕರ ಕಾಲದಲ್ಲೇ ಮೊದಲಾದ ಈ ಸಾಮೂಹಿಕ ಊಟದ ಪದ್ಧತಿಯನ್ನು ಮೂರನೆಯ ಗುರು ಅಮರದಾಸರು ಬಲಪಡಿಸಿದರು. ಗುರುವನ್ನು ಕಾಣುವ ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂಬುದು ಅವರ ಕಟ್ಟಳೆ. ಯಾರು, ಯಾವ ಜಾತಿ, ಯಾವ ಊರು ಎಂದು ಕೇಳದೆ ಬಂದವರಿಗೆಲ್ಲ ರೊಟ್ಟಿ, ಬೇಳೆ ಬಡಿಸುತ್ತಾರೆ. ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು, ಚಪ್ಪಲಿ ಕಾಯುವವರು ಬಹುಪಾಲು ಸೇವೆಗೆಂದು ಬಂದ ಭಕ್ತರೇ. ಸಿರಿಗೆರೆಯಲ್ಲೋ ನಾಯಕನಹಟ್ಟಿಯಲ್ಲೋ ದಾಸೋಹದ ಪಂಕ್ತಿಯಲ್ಲಿ ಕುಳಿತವರಿಗೆ ಲಂಗರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಖ್ ಯಾತ್ರಿಕನಿಗೆ ಕುಂಡದ ನೀರು ಎಷ್ಟು ಮುಖ್ಯವೋ ಪಂಕ್ತಿಯ ಊಟವೂ ಅಷ್ಟೇ ಮುಖ್ಯ. ಸೇವೆ ಮಾಡದೆ ಮುಗಿದ ಯಾತ್ರೆ ಪೂರ್ಣವಲ್ಲವೆಂದು ಅವನು ಭಾವಿಸುತ್ತಾನೆ.

ಮರೆಯಬಾರದ ಗಾಯ

ಇಷ್ಟೆಲ್ಲ ನೆನಪುಗಳ ನೆಲದಲ್ಲಿ ಒಂದು ಕಹಿ ನೆನಪೂ ಇದೆ. 1980ರಲ್ಲಿ ಬೀದರಿನಲ್ಲಿ ಗುರುನಾನಕರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹೊರ ರಾಜ್ಯಗಳಿಂದ ಅನೇಕ ಸಿಖ್ ವಿದ್ಯಾರ್ಥಿಗಳು ಓದಲು ಬಂದರು. 1988ರ ಸೆಪ್ಟೆಂಬರಿನಲ್ಲಿ ಊರಿನಲ್ಲಿ ಭುಗಿಲೆದ್ದ ಹಿಂಸೆಯಲ್ಲಿ ಹಲವು ಸಿಖ್ ವಿದ್ಯಾರ್ಥಿಗಳು ಕೊಲೆಯಾದರು. 1984ರ ದಿಲ್ಲಿಯ ನೋವು ಆರುವ ಮೊದಲೇ, ತಮ್ಮ ಗುರು ನೀರು ಕೊಟ್ಟ ಊರಿನಲ್ಲೇ ತಮ್ಮ ಮಕ್ಕಳು ಸತ್ತರೆಂಬ ಸುದ್ದಿ ಪಂಜಾಬಿನ ಮನೆಗಳಿಗೆ ಮುಟ್ಟಿತು. ಓದಲು ಬಂದವರನ್ನು ಪರಕೀಯರೆಂದು ಕಂಡದ್ದರ ಫಲ ಅದು. ಊರಿನ ಇತಿಹಾಸವನ್ನು ಊರವರೇ ಮರೆತರೆ ಎಷ್ಟು ಅನರ್ಥವಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಯಾತ್ರೆ ನಿಲ್ಲಲಿಲ್ಲ. 2008ರಲ್ಲಿ ಗ್ರಂಥಕ್ಕೆ ಗುರುಪಟ್ಟ ದೊರೆತು ಮುನ್ನೂರು ವರ್ಷ ತುಂಬಿದ ಉತ್ಸವ ನಾಂದೇಡಿನಲ್ಲಿ ನಡೆಯಿತು. 2019ರಲ್ಲಿ ನಾನಕರ 550ನೆಯ ಜಯಂತಿ ಎಲ್ಲೆಡೆ ನಡೆಯಿತು. ಬೀದರಿಗೆ ಕೂಡುಬಾಳಿನ ಪಾಠ ಹೊಸತೂ ಅಲ್ಲ. ಊರ ಹೊರಗಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾನ ಗೋರಿಯಿದೆ. ಅವನನ್ನು ಅಲ್ಲಮಪ್ರಭುವೆಂದು ನಂಬಿದ ಹಿಂದೂ ಭಕ್ತರು ಅಲ್ಲಿನ ಉರುಸಿನಲ್ಲಿ ಇಂದಿಗೂ ಪಾಲುಗೊಳ್ಳುತ್ತಾರೆ. ನಾನಕರ ಐತಿಹ್ಯದಲ್ಲೂ ಅವರಿಗೆ ತಂಗಲು ಎಡೆ ಸಿಕ್ಕಿದ್ದು ಫಕೀರರ ಗುಡಿಸಲುಗಳ ನಡುವೆ.

ದೇಶ ವಿಭಜನೆಯಾದ 1947ರಲ್ಲಿ ನಾನಕರ ಹುಟ್ಟೂರು ಸಿಖ್ಖರಿಗೆ ಗಡಿಯಾಚೆಯ ಊರಾಯಿತು. ಕೈತಪ್ಪಿದ ಗುರುದ್ವಾರಗಳ ದರ್ಶನಭಾಗ್ಯ ಕೊಡು ಎಂಬ ಬೇಡಿಕೆ ಆಮೇಲೆ ಅರ್ದಾಸದಲ್ಲೇ ಸೇರಿತು. ಹುಟ್ಟೂರಿಗೆ ಸುಲಭವಾಗಿ ಹೋಗಲಾರದ ಜನಕ್ಕೆ ಗುರುವಿನ ದಾರಿಯ ಪ್ರತಿ ತಂಗುದಾಣವೂ ಅಮೂಲ್ಯ. ಅಂಥದೊಂದು ತಂಗುದಾಣ ಕನ್ನಡ ನಾಡಿನ ಪಾಲಿಗೆ ಬಂದಿದೆ. ಅದನ್ನು ಕಾಯುವ ಹೊಣೆ ಗುರುದ್ವಾರದ ಆಡಳಿತದವರದು ಮಾತ್ರವಲ್ಲ, ಅದರ ನೆರೆಹೊರೆಯವರದೂ ಹೌದು. ಜಂಬಿಟ್ಟಿಗೆಯ ಬಯಲಿಗೆ ಮಳೆ ಇಂಗಿದರೆ ಕಣಿವೆಯಲ್ಲಿ ಒರತೆ ಹರಿಯುತ್ತದೆ. ಮೇಲಿನ ನೆಲ ಮುಚ್ಚಿಹೋದರೆ ಕೆಳಗಿನ ನೀರೂ ಬತ್ತುತ್ತದೆ. ಯಾತ್ರಿಕರು ನೆಮ್ಮದಿಯಿಂದ ಬಂದು ಹೋಗುವುದೂ ಹಾಗೆಯೇ, ಸುತ್ತಲಿನವರ ಸೌಹಾರ್ದವನ್ನು ನೆಚ್ಚಿಕೊಂಡಿದೆ.